ಕರಗದ ಗಂಟು

ಗಡಿಯಾರಗಳು ಇನ್ನೂ ಹುಟ್ಟಿರದ ಕಾಲದಲ್ಲಿ, ಕಡಲ ದಂಡೆಯ ಮೇಲೆ ಒಬ್ಬ ರಾಣಿಯ ಕೋಟೆಯಿತ್ತಂತೆ. ಅದನ್ನು ಕಾಯಬೇಕಾದ ಸಿಪಾಯಿಗಳೇ ಒಂದು ದಿನ ಬುದ್ಧಿಗೆಟ್ಟು, ಇದು ಶತ್ರುವಿನ ಕೋಟೆಯೆಂದು ಗೋಡೆ ಕೆಡವತೊಡಗಿದರಂತೆ. ಆಗ ವೈದ್ಯನೊಬ್ಬ ಬಂದು, ಗುಳಿಗೆ ಕೊಟ್ಟು, ಗಲಾಟೆಯನ್ನೆಲ್ಲ ಅಡಗಿಸಿದನಂತೆ. ರಾಣಿ ಸುಖವಾಗಿದ್ದಳಂತೆ.

ಈ ಕತೆ ಕಟ್ಟಿದವಳು ವಿನೋದಾ. ಉಡುಪಿ ಕಡೆಯ ಹುಡುಗಿ. ಮದರಾಸಿನ ತಿರುವಲ್ಲಿಕೇಣಿಯಲ್ಲಿ ಚಿಕ್ಕಮ್ಮ ಚಂದ್ರಮತಿಯ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದಳು. ಚಿಕ್ಕಪ್ಪ ಸದಾನಂದನಿಗೆ ಬೀದಿ ತುದಿಯ ಹೋಟೆಲಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅಡುಗೆಯ ಉಸ್ತುವಾರಿ. ಆ ಊರಲ್ಲಿ ಹದಿನೇಳು ವರ್ಷ ಕಳೆದಿದ್ದರೂ ಚಿಕ್ಕಮ್ಮನಿಗೆ ಬರುತ್ತಿದ್ದದ್ದು ತರಕಾರಿ ಕೊಳ್ಳುವಷ್ಟು ತಮಿಳು ಮಾತ್ರ. ಹಾಗಾಗಿ ಸಾವಿರದ ಒಂಬೈನೂರ ಅರವತ್ತೊಂದರ ಜೂನಿನಲ್ಲಿ, ಅವಳ ಕೊರಳು ಊದಿಕೊಂಡು ಆಸ್ಪತ್ರೆಗೆ ಹೋದಾಗ, ಡಾಕ್ಟರಿಗೂ ಅವಳಿಗೂ ನಡುವೆ ವಿನೋದಳೇ ನಾಲಿಗೆಯಾದಳು.

ಡಾಕ್ಟರ್ ವಿಶ್ವನಾಥ ಚಿಕ್ಕಮ್ಮನ ಹಿಂದೆ ನಿಂತು, ನೀರು ನುಂಗಿಸಿ, ಕೊರಳನ್ನು ಬಹಳ ಹೊತ್ತು ಮುಟ್ಟಿ ನೋಡಿದರು. ಮೈಯೇ ಕೊರಳಿನಲ್ಲಿರುವ ತನ್ನ ಗ್ರಂಥಿಯನ್ನು ಹಗೆಯೆಂದು ತಿಳಿದು ಕಾದುವ ಕಾಯಿಲೆಯಿದು ಎಂದರು. ಇದರಲ್ಲಿ ಗ್ರಂಥಿಯೆಲ್ಲ ರಬ್ಬರಿನ ಹಾಗೆ ಬಿರುಸಾಗಿ, ಉಬ್ಬುತಗ್ಗಾಗಿ ಸಿಗುವುದರಿಂದ ಬೆರಳಿಗೂ ಮೋಸವಾಗುತ್ತದೆ. ಆದರೆ ಬಲಗಡೆ ಹುಣಸೆಬೀಜದಷ್ಟು ಒಂದು ಗಂಟು ಬೇರೆಯೇ ಅನ್ನಿಸುತ್ತಿದೆ. ಗುಳಿಗೆಗೆ ಕಾಯಿಲೆಯ ಊತ ಇಳಿಯಬೇಕು. ಇಳಿಯದೆ ಉಳಿದದ್ದರ ಮೇಲೆ ನನಗೆ ಸಂಶಯ. ಮೂರು ತಿಂಗಳಿಗೆ ತಪ್ಪದೆ ಕರೆತಾ, ಈ ಮಾತನ್ನು ಅವರಿಗೆ ಪೂರ್ತಿ ಹೇಳು ಎಂದರು. ವಿನೋದಾ ಹೇಳುತ್ತೇನೆಂದು ಮಾತು ಕೊಟ್ಟಳು.

ರಿಕ್ಷಾದಲ್ಲಿ ಚಿಕ್ಕಮ್ಮ ಅವಳ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಡಾಕ್ಟರು ಏನಂದರೆಂದು ಎರಡು ಸಲ ಕೇಳಿದಳು. ವಿನೋದಳ ಬಾಯಿಂದ ರಾಣಿಯ ಕತೆ ಬಂತು. ಗಂಟಿನ ಮಾತು ಬರಲಿಲ್ಲ. ನಾಳೆ ಹೇಳೋಣವೆಂದುಕೊಂಡಳು.

ಆ ಮನೆಯಲ್ಲಿ ಮುತ್ತೈದೆಯ ಕೊರಳು ಬರಿದಾಗಿರಬಾರದು. ಊತ ಏರಿದಂತೆಲ್ಲ ಕೊರಳಿಗಂಟಿದ ಕರಿಮಣಿ ಸರ ಬಿಗಿಯುತ್ತಿತ್ತು. ಚಂದ್ರಮತಿ ಶುಕ್ರವಾರ ಅರಿಸಿನ ಕೊಂಬಿನ ದಾರ ಕಟ್ಟಿಕೊಂಡು, ಸರ ಬಿಚ್ಚಿ, ಮಣಿ ಸೇರಿಸಿ ಮತ್ತೆ ಪೋಣಿಸುತ್ತಿದ್ದಳು. ಗುಳಿಗೆ ಶುರುವಾದ ಮೇಲೆ ಸರ ಸಡಿಲವಾಯಿತು. ಮೊದಲು ನಾಲ್ಕು ಮಣಿ ತೆಗೆದಳು, ಆಮೇಲೆ ಏಳು. ಪಕ್ಕದ ಮನೆಯ ಭೀಮಾಬಾಯಿ, ಕೊರಳು ಮದುವೆಹೆಣ್ಣಿನದಾಗಿದೆ, ಇನ್ನು ಯಜಮಾನರು ಹೋಟೆಲಿಗೆ ಹೊರಡುವುದು ಕಷ್ಟವೆಂದು ಕೀಟಲೆ ಮಾಡಿದಳು.

ಸೆಪ್ಟೆಂಬರಿನಲ್ಲಿ ವಿನೋದಾ ಆಸ್ಪತ್ರೆಯ ಮಾತು ಎತ್ತಿದಳು.

“ಎಂಥಕ್ಕೆ ಮಗಾ? ಹನ್ನೊಂದು ಮಣಿ ತೆಗ್ದಾಯ್ತು. ನಿನ್ನ ಡಾಕ್ಟ್ರಿಗೆ ಮಣಿ ಎಣಿಸ್ಲಿಕ್ಕೆ ಬರ್ತದಾ?”

ವಿನೋದಾ ನಕ್ಕುಬಿಟ್ಟಳು. ಸರ ಸುತ್ತಳತೆ ಹೇಳುತ್ತದೆ, ಒಳಗಿನದನ್ನು ಹೇಳುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೆ ತೆಗೆದ ಮಣಿಗಳು ಕುಂಕುಮದ ಭರಣಿಯ ಪಕ್ಕದ ಬಟ್ಟಲಿನಲ್ಲಿ ಕಣ್ಣಿಗೆ ಕಾಣುವಂತಿದ್ದವು. ಗಂಟು ಕಾಣುತ್ತಿರಲಿಲ್ಲ.

ಫೆಬ್ರವರಿಯ ಹೊತ್ತಿಗೆ ಚಿಕ್ಕಮ್ಮನ ಧ್ವನಿ ಒಡೆಯಿತು. ಕಡಲಗಾಳಿಯ ಶೀತವೆಂದು ಕಷಾಯ ಕುಡಿದಳು. ಒಂದು ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚುತ್ತಿದ್ದ ವಿನೋದಳ ಬೆರಳು ಜಾರಿ ಕೊರಳಿಗೆ ತಾಗಿತು. ಸುತ್ತಲಿನದೆಲ್ಲ ಇಳಿದು ಮೆತ್ತಗಾಗಿತ್ತು. ಬಲಗಡೆ ಮಾತ್ರ, ಇಳಿತದ ಕಡಲಲ್ಲಿ ಬಂಡೆ ಎದ್ದು ನಿಂತ ಹಾಗೆ, ನೆಲ್ಲಿಕಾಯಿ ಗಾತ್ರದ ಕಲ್ಲು.

ಮರುದಿನ ಆಸ್ಪತ್ರೆಯಲ್ಲಿ ಡಾಕ್ಟರು ಮತ್ತೆ ನೀರು ನುಂಗಿಸಿದರು. ನುಂಗಿದಾಗ ಮೇಲೇಳಬೇಕಾದ ಗಂಟು ಏಳಲಿಲ್ಲ. ಬೇರು ಬಿಟ್ಟು ಕೂತಿತ್ತು. ಅವರು ಕೈ ತೊಳೆದುಕೊಂಡು ಬಂದು, ತಡಮಾಡದೆ ಕೊಯ್ಯಬೇಕು, ಧ್ವನಿ ಉಳಿಯದೆ ಹೋಗಬಹುದು, ತೆಗೆದು ನೋಡುವವರೆಗೆ ಬೇರೆ ಏನನ್ನೂ ಖಾತ್ರಿ ಹೇಳಲಾರೆ ಎಂದರು. ಆಮೇಲೆ, ಜೂನಿನಲ್ಲೇ ಇವರಿಗೆ ತಿಳಿಸಿದೆಯಾ ಎಂದು ಕೇಳಿದರು. ಇಲ್ಲವೆಂದಳು ವಿನೋದಾ. ಅವರು ಗದರಿಸಲಿಲ್ಲ, ಈಗ ಹೇಳು, ನಾನು ಇಲ್ಲೇ ಇರುತ್ತೇನೆ ಎಂದು ಕುರ್ಚಿ ಎಳೆದು ಕೂತರು.

“ಚಿಕ್ಕಮ್ಮ, ಕೊರಳಲ್ಲಿ ಒಂದು ಗಂಟು ಉಂಟು. ಅದು ಗುಳಿಗೆಗೆ ಕರಗಲಿಲ್ಲ.”

“ಯಾವಾಗಿಂದ?”

“ಜೂನಿನಿಂದ.”

“ನಿಂಗೆ ಗೊತ್ತಿತ್ತಾ?”

“ಗೊತ್ತಿತ್ತು. ಹೇಳ್ಲಿಕ್ಕೆ ಹೆದರಿಕೆ ಆಯ್ತು.”

ಚಂದ್ರಮತಿ ಅವಳನ್ನೇ ನೋಡಿದಳು. ಎಂದೂ ಕಾಣದವಳನ್ನು ನೋಡುವ ಹಾಗಿತ್ತು ಆ ನೋಟ.

“ಪೂರ್ತಿ ಹೇಳು,” ಎಂದಳು, ಒಡೆದ ಧ್ವನಿಯಲ್ಲಿ. “ಕತೆ ಬೇಡ.”

ವಿನೋದಾ ಹೇಳಿದಳು. ಕೊಯ್ಯುವುದನ್ನು ಹೇಳಿದಳು, ಧ್ವನಿ ಹೋಗಬಹುದೆಂದಳು, ಡಾಕ್ಟರು ಸಂಶಯಪಟ್ಟ, ಬೀದಿಯಲ್ಲಿ ಯಾರೂ ಬಾಯಿಬಿಟ್ಟು ಆಡದ ಆ ಕಾಯಿಲೆಯ ಹೆಸರನ್ನೂ ಹೇಳಿದಳು. ಸೆಪ್ಟೆಂಬರಿನಲ್ಲಿ ಬಂದಿದ್ದರೆ ಸಣ್ಣದರಲ್ಲೇ ತೆಗೆಯಬಹುದಿತ್ತು ಎಂಬುದನ್ನೂ ನುಂಗಲಿಲ್ಲ. ಚಿಕ್ಕಮ್ಮ ಗೋಡೆಯ ಕಡೆ ಮುಖ ತಿರುಗಿಸಿ ಕೊನೆಯವರೆಗೂ ಕೇಳಿದಳು.

“ಎಲ್ಲಾ ಸೊಲ್ಲಿಟ್ಟಿಯಾಮ್ಮಾ?” ಎಂದರು ಡಾಕ್ಟರು.

ಎಲ್ಲವನ್ನೂ ಹೇಳಿದೆನೆಂದು ವಿನೋದಾ ತಲೆಯಾಡಿಸಿದಳು.