ಆವಲಮ್ಮನ ಚೊಂಬಿನ ನೀರು

ಮನೆಗೆ ನಲ್ಲಿ ಬರುತ್ತದೆ ಎಂದರೆ ಯಾರೂ ನಂಬದಿದ್ದ ಕಾಲ ಅದು. ಮುಳಬಾಗಿಲಿಗೂ ಶ್ರೀನಿವಾಸಪುರಕ್ಕೂ ನಡುವೆ ಇದ್ದ ಕೋಡಿಪೇಟೆ ಎಂಬ ಪುಟ್ಟ ಪಟ್ಟಣದ ಹಿಂದಲ ಬೀದಿಗೆ ಇದ್ದದ್ದು ಒಂದೇ ಬಾವಿ. ಬೆಳಗಾದರೆ ಸಾಕು, ರಾಟೆಯ ಕಿರ್ರೋ ಸದ್ದು, ಅರ್ಧ ಕನ್ನಡ ಅರ್ಧ ತೆಲುಗಿನ ಹರಟೆ. ಯಾರ ಮನೆಯ ಸೊಸೆ ಬಸುರಿ, ಯಾರ ಮನೆಯಲ್ಲಿ ಇವತ್ತು ಹಿದುಕಬೇಳೆ ಸಾರು, ಎಲ್ಲ ಸುದ್ದಿಯೂ ಅಲ್ಲೇ ಸಿಗುತ್ತಿತ್ತು. ಆ ಬೆಳಗುಗಳನ್ನು ನೆನೆಸಿಕೊಂಡರೆ ಈಗಲೂ ಜೀವಕ್ಕೆ ಹಿತವಾಗುತ್ತದೆ.

ಸಾವಿರದ ಒಂಬೈನೂರ ಮೂವತ್ತೆಂಟರ ಮಳೆಗಾಲದಲ್ಲಿ ಆ ಬಾವಿಯ ಒಳಗೋಡೆ ಒಂದು ಕಡೆ ಕುಸಿದು, ಚರಂಡಿ ನೀರು ಒಳಕ್ಕೆ ಜಿನುಗಿತು. ಬೀದಿಗೆ ವಾಂತಿಭೇದಿ ಹೊಕ್ಕಿತು. ಬಾಣಂತನಕ್ಕೆಂದು ತವರಿಗೆ ಬಂದಿದ್ದ, ಅದೇ ಬೀದಿಯ ಆವಲಮ್ಮನ ಒಬ್ಬಳೇ ಮಗಳು ಎರಡೇ ದಿನದಲ್ಲಿ ಹೋಗಿಬಿಟ್ಟಳು. ಉಳಿದದ್ದು ಹಸುಗೂಸು ಭಾರತಿ. ಅಂದಿನಿಂದ ಆವಲಮ್ಮ ಮೊಮ್ಮಗಳಿಗಾಗಿ ಊರಾಚೆಯ ಮಾವಿನ ತೋಪಿನ ಬಾವಿಯಿಂದ ನೀರು ಹೊತ್ತು ತರುತ್ತಿದ್ದಳು.

ಮಾರನೆಯ ವರ್ಷ ಮುನಿಸಿಪಾಲಿಟಿಯವರು ಬೀದಿಯ ಬಾವಿಯ ರಿಪೇರಿಗೆ ಕೈಹಾಕಿದರು. ಬೀದಿಯೆಲ್ಲ ಹಿರಿಹಿರಿ ಹಿಗ್ಗಿತು. ಕೆಲಸದವರಿಗೆ ಮಜ್ಜಿಗೆಯೇನು, ಬೆಲ್ಲದ ಪಾನಕವೇನು! ಕೆಲಸ ಮುಗಿಯುತ್ತ ಬಂದಾಗ, ಬರುವ ಸೋಮವಾರ ಗಂಗೆಪೂಜೆ, ಬೀದಿಯ ಹಿರಿಯ ಮುತ್ತೈದೆ ಆವಲಮ್ಮನೇ ಆರತಿ ಎತ್ತಬೇಕು ಎಂದೂ ನಿಶ್ಚಯವಾಯಿತು. ಒಂದು ಸಲ ಆರತಿ ಆಯಿತೆಂದರೆ ಬಾವಿ ಗಂಗಮ್ಮ ಆದಂತೆ. ಆಮೇಲೆ ಅದರ ಒಂದು ಇಟ್ಟಿಗೆ ಅಲುಗಿಸಲೂ ಯಾರೂ ಒಪ್ಪುತ್ತಿರಲಿಲ್ಲ.

ಗುರುವಾರ ಬೆಳಗ್ಗೆ ಆವಲಮ್ಮ ಬಿಂದಿಗೆ ಇಳಿಸಿ ಹೊಸ ಗೋಡೆಯ ಗಾರೆಯನ್ನು ಬೆರಳಲ್ಲಿ ಉಜ್ಜಿ ನೋಡಿದಳು. ಹರೆಯದಲ್ಲಿ ಹತ್ತು ವರ್ಷ ಗಾರೆ ಅರೆಯುವ ಗಾಣದ ಎತ್ತಿನ ಹಿಂದೆ ಸುತ್ತಿದವಳು ಅವಳು. ಸುಣ್ಣ, ಮರಳು, ಇಟ್ಟಿಗೆ ಪುಡಿ ಹಾಕಿ ಬೆಣ್ಣೆಯಾಗುವವರೆಗೆ ಅರೆದದ್ದಕ್ಕೆ ಮಾತ್ರ ಅವಳ ಪಾಲಿಗೆ ಗಾರೆ ಎಂಬ ಹೆಸರು. ಇಲ್ಲಿ ಇಟ್ಟಿಗೆ ಪುಡಿಯ ಬದಲು ಕೆಮ್ಮಣ್ಣು ಬೆರೆಸಿದ್ದರು. ನೀರು ತಾಕಿದರೆ ಇದು ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತು. ಆದರೂ ಬಿಂದಿಗೆ ಎತ್ತಿಕೊಂಡು ಮನೆಗೆ ನಡೆದಳು.

ಗಂಡ ಮುನಿಯಲ್ಲಪ್ಪನಿಗೆ ಹೇಳಿದರೆ ಅವನು ಬಾಯಿಗೆ ಬೀಗ ಹಾಕಿಕೋ ಎಂದ. ದೊಡ್ಡವರು ಪುಣ್ಯಕ್ಕೆಂದು ಬಾವಿ ಕಟ್ಟಿಸಿಕೊಡುವಾಗ ಹುಳುಕು ಹುಡುಕಿದರೆ ಗಂಗಮ್ಮ ಮುನಿದಾಳು ಎಂಬ ಭಯ ಅವನಿಗೆ.

ಸಂಜೆ ಕೂಸನ್ನು ನೋಡಲು ಸರ್ಕಾರಿ ಆಸ್ಪತ್ರೆಯ ನರ್ಸು ವೆಂಕಟರತ್ನಮ್ಮ ಬಂದಳು. ಆವಲಮ್ಮನ ಮುಖ ನೋಡಿಯೇ ಏನಾಯಿತೆಂದು ಕೇಳಿ, ಎಲ್ಲ ಬಾಯಿ ಬಿಡಿಸಿದಳು.

"ಪುಣ್ಯಕ್ಕಲ್ಲ ಅಕ್ಕಾ, ನೀವು ಕಟ್ಟೋ ಮನೆ ಕಂದಾಯದಲ್ಲೇ ಆ ಬಾವಿ ಕಟ್ಟೋದು. ಶನಿವಾರ ಮುನಿಸಿಪಾಲಿಟಿ ಮೀಟಿಂಗು. ಬಾಗಿಲು ತೆಗೆದೇ ಇರ್ತದೆ, ಯಾರು ಬೇಕಾದರೂ ಹೋಗಿ ಹೇಳಬಹುದು."

"ಮನಕೆಂದುಕಮ್ಮಾ, ನಮಗ್ಯಾಕೆ ದೊಡ್ಡೋರ ಸಹವಾಸ?"

ಈ ಮಾತು ಅವಳ ಬಾಯಿಂದ ಅಭ್ಯಾಸಬಲದಿಂದ ಬಂತು. ಬಂದದ್ದೇ ತಡ, ತೊಟ್ಟಿಲ ಕಡೆ ನೋಡಿದಳು. ಕಣ್ಣು ತುಂಬಿ ಬಂತು.

"ಆ ಗೋಡೆ ಬಿರುಕು ಬಿಟ್ಟಿದ್ದನ್ನ ಕುಸಿಯೋಕೆ ಮುಂಚೇನೇ ನೋಡಿದ್ದೆ ಕಣಮ್ಮಾ. ಆವತ್ತೂ ಇದೇ ಮಾತು ಅಂದ್ಕೊಂಡು ಬಂದ್ಬಿಟ್ಟೆ."

ವೆಂಕಟರತ್ನಮ್ಮ ಅವಳ ಕೈ ಹಿಡಿದುಕೊಂಡು ಕುಳಿತಳು. ಒಳಗೆ ಬೀಡಿ ಹಚ್ಚುತ್ತಿದ್ದ ಮುನಿಯಲ್ಲಪ್ಪ ಕಡ್ಡಿ ಆರಿದ್ದನ್ನೂ ಗಮನಿಸಲಿಲ್ಲ.

ಶನಿವಾರ ಆವಲಮ್ಮ ಮೀಟಿಂಗಿಗೆ ಹೋದಳು. ಹಿಂದೆ ಬೀದಿಯ ಎಂಟು ಹೆಂಗಸರು, ಅವರ ಹಿಂದೆ ಕೂಸನ್ನೆತ್ತಿಕೊಂಡ ಮುನಿಯಲ್ಲಪ್ಪ. ಅವಳ ಕೈಯಲ್ಲಿ ಒಂದು ಚೊಂಬು ನೀರು, ಸೆರಗಿನ ಗಂಟಿನಲ್ಲಿ ಗೋಡೆಯಿಂದ ಕಿತ್ತ ಒಣಗಿದ ಗಾರೆಯ ಉಂಡೆ. ಪ್ರೆಸಿಡೆಂಟರು ವೆಂಕಟರಮಣಪ್ಪನವರು ಕನ್ನಡಕದ ಮೇಲಿಂದ ನೋಡಿ, ಏನಮ್ಮಾ ಎಂದು ಕೇಳಿದರು. ಆವಲಮ್ಮ ಉಂಡೆಯನ್ನು ಚೊಂಬಿಗೆ ಹಾಕಿದಳು. ನೋಡನೋಡುತ್ತಿದ್ದಂತೆ ಅದು ಕರಗಿ ನೀರು ಕೆಂಪಾಯಿತು. ಬಾಗಿಲ ಬಳಿ ನಿಂತಿದ್ದ ಬಾವಿ ಕೆಲಸದ ಗುತ್ತಿಗೆದಾರ, ಹೆಂಗಸಿಗೇನು ಗೊತ್ತು ಗಾರೆಯ ವಿಷಯ ಎಂದು ನಕ್ಕ.

ಆವಲಮ್ಮ ಅವನ ಕಡೆ ತಿರುಗಲೂ ಇಲ್ಲ. ಚೊಂಬನ್ನು ಮೇಜಿನ ಮೇಲಿಟ್ಟಳು.

"ಸ್ವಾಮಿ, ಇದನ್ನ ನೀವು ಒಂದು ಗುಟುಕು ಕುಡೀರಿ. ಆಮೇಲೆ ನಾನು ಆರತಿ ಎತ್ತೀನಿ."

ಪ್ರೆಸಿಡೆಂಟರು ಚೊಂಬನ್ನು ಹತ್ತಿರಕ್ಕೆ ಎಳೆದುಕೊಂಡು ಬಗ್ಗಿ ನೋಡಿದರು. ಅವರಿಗೂ ಮೊಮ್ಮಕ್ಕಳಿದ್ದರು. ಕಟ್ಟಿದ್ದನ್ನೆಲ್ಲ ಕಿತ್ತು ಮತ್ತೆ ಕಟ್ಟಬೇಕು, ಈ ಅಮ್ಮ ಸೈ ಎನ್ನುವ ತನಕ ಕೆಲಸ ಮುಗಿಯಿತೆಂದು ಬರೆಯಬಾರದು ಎಂದು ಸಭೆಯಲ್ಲೇ ಹೇಳಿದರು.

ಮರುದಿನದಿಂದಲೇ ಬೀದಿಯವರು ಸರದಿ ಮೇಲೆ ಕಾವಲು ಕುಳಿತರು. ಒಬ್ಬರ ಮನೆಯಲ್ಲಿ ರಾಗಿ ಮುದ್ದೆ ಇಳಿಸುವ ಹೊತ್ತಾದರೆ ಇನ್ನೊಬ್ಬರು ಬಂದು ಕೂರುವರು. ಹರಟೆ ಹರಟೆಯಂತೆಯೇ ನಡೆಯುತ್ತಿತ್ತು, ಕಣ್ಣು ಮಾತ್ರ ಗಾರೆ ಅರೆಯುವ ಗಾಣದ ಮೇಲೆ. ಎಲ್ಲರಿಗಿಂತ ಹೆಚ್ಚು ಹೊತ್ತು ಕುಳಿತವನು ಮುನಿಯಲ್ಲಪ್ಪ. ಹೊಸ ಗಾರೆಯ ಉಂಡೆ ಚೊಂಬಿನ ನೀರಿನಲ್ಲಿ ಎಂಟು ದಿನ ಇದ್ದರೂ ಕರಗಲಿಲ್ಲ. ಆಮೇಲೆ ಆವಲಮ್ಮ ಆರತಿ ಎತ್ತಿದಳು. ಸೇದಿದ ಮೊದಲ ನೀರನ್ನು ಕಾಯಿಸಿ ಆರಿಸಿ, ಒಳಲೆಯಲ್ಲಿ ಭಾರತಿಗೆ ಕುಡಿಸಿದಳು. ಕೂಸು ಕುಡಿದು ನಕ್ಕಿತು. ಆವಲಮ್ಮ ಮಾತ್ರ ಅತ್ತಳು.

ಆ ರಾಟೆಯ ಸದ್ದು ಈಗ ಇಲ್ಲ. ಮನೆಮನೆಗೂ ನಲ್ಲಿ ಬಂದಿದೆ. ಆದರೆ ನಮ್ಮ ಬೀದಿಗಳಲ್ಲಿ ಈಗಲೂ ಚರಂಡಿ ಕಟ್ಟುತ್ತಾರೆ, ರಸ್ತೆ ಹಾಕುತ್ತಾರೆ, ಪೈಪು ಹೂಳುತ್ತಾರೆ. ಅಣ್ಣಂದಿರೇ, ಅಕ್ಕಂದಿರೇ, ಕೆಲಸ ನಡೆಯುವಾಗ ಹತ್ತಿರ ಹೋಗಿ ನೋಡಿ. ಹೇಗೆ ಮಾಡುತ್ತಿದ್ದೀರಿ ಎಂದು ಕೇಳಿ. ನಿಮ್ಮ ವಾರ್ಡಿನ ಸಭೆ ಯಾವಾಗ ಎಂದು ತಿಳಿದುಕೊಂಡು, ಒಬ್ಬರೇ ಹೋಗಲು ಅಳುಕಾದರೆ ನೆರೆಮನೆಯವರನ್ನೂ ಕರೆದುಕೊಂಡು ಹೋಗಿ. ನಮಗ್ಯಾಕೆ ಎಂಬ ಮಾತು ನಾಲಿಗೆಯ ತುದಿಗೆ ಬಂದಾಗ, ಆವಲಮ್ಮನ ಮಗಳನ್ನು ಒಂದು ಸಲ ನೆನೆಸಿಕೊಳ್ಳಿ.