ಹನಮಂತವ್ವನ ಒಂಬತ್ತು ಬೆರಳು

"ಈಗ?"

"ಇಲ್ಲರಿ."

"ಈಗ?"

"ಇಲ್ಲಂತ ಹೇಳೇನಲ್ಲರಿ ಬಾಯಾರ. ಖರೇನ ಮುಟ್ಟಾಕ ಹತ್ತೀರೋ, ಸುಮ್ಮ ಆಟ ಆಡಾಕ ಹತ್ತೀರೋ?"

ಮುಂಡರಗಿಯ ದವಾಖಾನೆಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಹನಮಂತವ್ವನ ಅಂಗಾಲಿಗೆ ನರ್ಸ್ ನೀಲಾ ಸಣ್ಣ ಪ್ಲಾಸ್ಟಿಕ್ ಎಳೆಯೊಂದನ್ನು ಅದು ಬಾಗುವಷ್ಟು ಒತ್ತುತ್ತಿದ್ದಳು. ಹಿಮ್ಮಡಿಗೆ ಒತ್ತಿದರೂ ಇಲ್ಲ, ಹೆಬ್ಬೆರಳಿನ ಬುಡಕ್ಕೆ ಒತ್ತಿದರೂ ಇಲ್ಲ. ಸಕ್ಕರೆ ಕಾಯಿಲೆ ಒಬ್ಬೊಬ್ಬರಲ್ಲಿ ಒಂದೊಂದು ಕಡೆಯಿಂದ ಹೊಗುತ್ತದೆ. ಹನಮಂತವ್ವನಲ್ಲಿ ಕಾಲಿನಿಂದ ಹೊಕ್ಕಿತ್ತು. ಹೋದ ವರ್ಷ ಬಲಗಾಲಿನ ಕಿರುಬೆರಳು ಕೊಳೆತು, ಗದಗಿಗೆ ಕರೆದೊಯ್ದು ತೆಗೆಸಿದ್ದರು. ಎರಡೂ ಕಾಲು ಸೇರಿ ಉಳಿದದ್ದು ಒಂಬತ್ತು. ಈಗ ಅದೇ ಬಲಗಾಲಿನ ಅಡಿಯಲ್ಲಿ ಬೊಬ್ಬೆ ಒಡೆದು ಗಾಯವಾಗಿತ್ತು. ಇದು ಮಾಯದೆ ಇನ್ನೊಂದಾದರೆ ಬೆರಳಲ್ಲ, ಪಾದವನ್ನೇ ತೆಗೆಯಬೇಕಾಗುತ್ತದೆ ಎಂದು ಡಾಕ್ಟರು ಬೆಳಿಗ್ಗೆಯೇ ಹೇಳಿ ಹೋಗಿದ್ದರು.

"ಕಣ್ಣು ತಗೀ ಯವ್ವಾ," ಎಂದಳು ನೀಲಾ. "ನಾವು ಕೊಟ್ಟ ಮೆತ್ತನ್ನ ಚಪ್ಪಲಿ ಹಾಕ್ಕೊಂಡ ತಿರಗ್ತಿ ಹೌದಿಲ್ಲೋ?"

"ಹೂನ್ರಿ. ಮಲಗೋ ಮುಂದ ಅಷ್ಟ ಬಿಡತೇನಿ."

"ಮತ್ತ ಇದು ಸುಟ್ಟ ಬೊಬ್ಬಿ ಅಲ್ಲೇನು? ಕಾದ ನೆಲದ ಮ್ಯಾಲ ಬರಿಗಾಲಿಲೆ ನಡದದ್ದು."

"ಗುಡಿಗೆ ಹೋಗಿದ್ದೆರಿ. ದೇವರ ಮುಂದ ಚಪ್ಪಲಿ ಹಾಕ್ಕೊಂಡ ಹೋಗಾಕ ಬರತೈತೇನು?"

ಹನಮಂತವ್ವನ ಬಾಯಿ ಬೊಂಬಾಯಿ ಎಂದು ಕೇರಿಯಲ್ಲಿ ಹೆಸರು. ಸುಳ್ಳನ್ನೂ ಜಗಳದ ದನಿಯಲ್ಲೇ ಹೇಳುವವಳು. ನೀಲಾ ಸ್ಟೂಲಿನ ಮೇಲೆ ಕುಳಿತು, ಆ ಪಾದವನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಹಿಡಿದಳು. ಹನಮಂತವ್ವನಿಗೆ ಕಸಿವಿಸಿಯಾಯಿತು. ಅರವತ್ತು ಹತ್ತಿರ ಬಂದರೂ ಆ ಕಾಲನ್ನು ಹಾಗೆ ಯಾರೂ ಹಿಡಿದಿರಲಿಲ್ಲ. ಆ ಕೈಯ ಬಿಸಿ ಕಾಲಿಗೆ ತಿಳಿಯುತ್ತಿರಲಿಲ್ಲ, ಕಣ್ಣಿಗೆ ಕಾಣುತ್ತಿತ್ತು.

"ಚಪ್ಪಲಿ ತಗೀ ಅಂತ ಯಾರೂ ಅನ್ನಂಗಿಲ್ಲರಿ ಈಗ," ಎಂದಳು ಕಾಲನ್ನೇ ನೋಡುತ್ತ. "ಅನ್ನವರೆಲ್ಲಾ ಸತ್ತು ಹೋದ್ರು. ಆದ್ರ ಊರ ಅಗಸಿ ಬಾಗಲಾ ಬಂತಂದ್ರ ಕೈ ತಾನ ಬಗ್ಗಿ ಚಪ್ಪಲಿ ತಗೀತೈತಿ. ಧಣಿ ಪುಂಡಲೀಕಪ್ಪನ ಕಟ್ಟಿ ದಾಟೋತನಾ ಬಗಲಾಗ ಇಟಗೊಂಡು ಹೊಕ್ಕೇನಿ. ಸೊಸಿ ನೋಡಿದ್ರ ಬೈತಾಳಂತ ಮುಂದ ಹೋಗಿ ಹಾಕ್ಕೊತೇನಿ. ಇದರ ಸೊಕ್ಕು ನೋಡ್ರಿ ಬಾಯಾರ! ಮುಳ್ಳು ಗೊತ್ತಾಗಂಗಿಲ್ಲ, ಬೆಂಕಿ ಗೊತ್ತಾಗಂಗಿಲ್ಲ, ಕಟ್ಟಿ ಮಾತ್ರ ಗೊತ್ತಾಗತೈತಿ!"

ನಕ್ಕಳು. ನಗು ಅರ್ಧಕ್ಕೇ ನಿಂತಿತು.

ಆಮೇಲೆ ಹೇಳಿದಳು. ಅವಳ ಹುಟ್ಟಿದ ಮನೆ, ಕೊಟ್ಟ ಮನೆ ಎರಡೂ ಒಂದೇ ಕೇರಿ. ಚಿಕ್ಕವಳಿದ್ದಾಗ ಅಪ್ಪ ಹುಲಿಗೆಪ್ಪ ಲಕ್ಷ್ಮೇಶ್ವರದ ಸಂತೆಯಿಂದ ಹೊಸ ಚಪ್ಪಲಿ ತಂದಿದ್ದ. ಕಿರ್‌ ಕಿರ್‌ ಎನ್ನುವ ಚಪ್ಪಲಿ. ಆ ಸದ್ದಿನ ಹುರುಪಿನಲ್ಲಿ ಕಟ್ಟೆ ಬಂದದ್ದು ಅವನಿಗೆ ಮರೆತುಹೋಯಿತು. ಕಟ್ಟೆಯ ಮೇಲೆ ಕುಳಿತಿದ್ದ ಪುಂಡಲೀಕಪ್ಪನ ಅಪ್ಪ ಕರೆದು ನಿಲ್ಲಿಸಿದ. ಚಪ್ಪಲಿಯನ್ನು ತಲೆಯ ಮೇಲೆ ಹೊರಿಸಿ, ಕೇರಿಯವರೆಗೂ ಹಾಗೇ ನಡೆಸಿದ. ಅಪ್ಪನ ಧೋತರದ ಚುಂಗು ಹಿಡಿದು ಹಿಂದೆ ನಡೆದದ್ದು ಹನಮಂತವ್ವ. ಅಪ್ಪ ಆಮೇಲೆ ಸಾಯುವವರೆಗೂ ಚಪ್ಪಲಿ ಮೆಟ್ಟಲಿಲ್ಲ.

ನೀಲಾ ಪಾದದ ಬೆರಳುಗಳ ತುದಿಯನ್ನು ತೋರಿಸಿದಳು. ಎಲ್ಲವೂ ಕೊಕ್ಕೆಯ ಹಾಗೆ ಒಳಗೆ ಬಾಗಿದ್ದವು, ತುದಿಗಳಲ್ಲಿ ಗಂಟುಗಟ್ಟಿತ್ತು. "ನರ ಸತ್ತರೂ ಹಿಂಗ ಆಕ್ಕಾವು ಅಂತಾರ ಡಾಕ್ಟರು. ಆದ್ರ ಈಗ, ಕಟ್ಟಿ ಸುದ್ದಿ ಹೇಳೋ ಮುಂದ, ಇನ್ನಷ್ಟು ಮುದುಡಿದ್ವು. ನಾ ನೋಡೇನಿ. ನಮ್ಮವ್ವಗೂ ಹಿಂಗ ಇತ್ತು ಯವ್ವಾ. ಅಕಿದು ಕಾಲಲ್ಲ, ಕುತಗಿ. ದೊಡ್ಡ ಮನಿಯವರು ಎದುರಿಗೆ ಬಂದ್ರ ಸಾಕು, ಬಗ್ಗತಿತ್ತು. ಸಾಯೋತನಾ ಮ್ಯಾಲ ಏಳಲಿಲ್ಲ."

"ಮತ್ತ ಏನ್ ಮಾಡ್ಬೇಕ್ರಿ?"

"ಅಗಸ್ಯಾಗ ನಿಂದ್ರು. ಅಂಜಿಕಿ ಮೈಯಾಗ ಎಲ್ಲಿ ಬಂತು ನೋಡು. ಉಸಿರು ಹೊಟ್ಟಿತನಾ ಎಳಕೊಂಡು ಬಿಡು. ಕಾಲಿಗಂತೂ ಗೊತ್ತಾಗಂಗಿಲ್ಲ, ಕಣ್ಣಿಲೆ ನೋಡಿ ಒಂದೊಂದ ಬೆರಳು ಬಿಚ್ಚು. ಆಮ್ಯಾಲ ಹೆಜ್ಜಿ ಇಡು. ದಿನಾ ಮಾಡಬೇಕು. ಗುಳಿಗಿ ತಗೊಂಡಂಗ."

ಮನೆಯಲ್ಲಿ ಗಂಡ ದೇವಪ್ಪ ಇದನ್ನು ಕೇಳಿ ಬೆವತುಬಿಟ್ಟ. ಅವನು ಒಳ್ಳೆಯವನೇ, ಆದರೆ ತನ್ನ ನೆರಳಿಗೆ ತಾನೇ ಸರಿದು ದಾರಿ ಬಿಡುವ ಮನುಷ್ಯ. "ಹಾಸಿಗಿ ಇದ್ದಷ್ಟ ಕಾಲು ಚಾಚಬೇಕು," ಎಂದ. "ಹಿಂದಿನ ದಾರಿ ಐತಲ್ಲ, ಹಳ್ಳದ ದಂಡಿ ಹಿಡದು ಹೋದ್ರಾತು."

"ಅಲ್ಲಿ ಜಾಲಿಮುಳ್ಳು ನೀವು ಆರಸ್ತೀರೇನು? ಮತ್ತ ಹಾಸಿಗಿ ಹಾಸಿದವರು ಯಾರಂತ ಮೊದಲ ಕೇಳ್ರಿ," ಎಂದಳು ಹನಮಂತವ್ವ. ಹೇಳಿದಳೇ ಹೊರತು, ಮರುದಿನ ಅಗಸಿಗೆ ಹೋಗುವ ಧೈರ್ಯ ಅವಳಿಗೂ ಬರಲಿಲ್ಲ.

ಸೊಸೆ ಪ್ರಿಯಾಂಕಾ ಉಪಾಯ ಹುಡುಕಿದಳು. ಮುಂಡರಗಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಅವಳಿಗೆ ಸ್ಕೂಟಿ ಇತ್ತು. "ದವಾಖಾನಿಗೆ ನಾ ಬಿಡತೇನಿ ಅತ್ತಿ. ಗಾಡಿ ಮ್ಯಾಲ ಕುಂತ್ರ ಕಾಲೂ ನೆಲಕ್ಕ ಹತ್ತಂಗಿಲ್ಲ, ಮಂದಿ ಮಾತೂ ಮೈಗೆ ಹತ್ತಂಗಿಲ್ಲ." ಅವಳು ದಿನಾ ಕಟ್ಟೆಯ ಮುಂದೆ ಚಪ್ಪಲಿ ಮೆಟ್ಟಿಕೊಂಡೇ ಗಾಡಿ ಓಡಿಸುತ್ತಿದ್ದಳು. ಯಾರೂ ಏನೂ ಅಂದಿರಲಿಲ್ಲ. ನೋಡುತ್ತಿದ್ದರು, ಅಷ್ಟೆ. ನೋಡುವವರ ಕಣ್ಣಿಗೆ ಅವಳು ಸಿಗುತ್ತಿರಲಿಲ್ಲ, ಗಾಡಿಯ ಧೂಳು ಸಿಗುತ್ತಿತ್ತು.

ಹಾಗೆ ಕೆಲವು ದಿನ ನಡೆಯಿತು. ಗಾಯ ಮಾಯತೊಡಗಿತ್ತು. ಒಂದು ದಿನ, ಬಿಸಿಲು ನೆತ್ತಿಗೇರುವ ಹೊತ್ತು, ಸ್ಕೂಟಿಯ ಹಿಂದೆ ಒಂದು ಬದಿಗೆ ಕಾಲು ಇಳಿಬಿಟ್ಟು ಕುಳಿತಿದ್ದ ಹನಮಂತವ್ವ ಅಗಸಿ ದಾಟಿದಳು. ಕಟ್ಟೆ ಎದುರಿಗೆ ಬಂತು. ಧಪ್ ಎಂದು ಏನೋ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಬಲಗಾಲಿನ ಚಪ್ಪಲಿ ಧೂಳಿನಲ್ಲಿ ಮಗುಚಿ ಬಿದ್ದಿತ್ತು. ದವಾಖಾನೆಯವರು ಕೊಟ್ಟ ವೆಲ್ಕ್ರೊ ಪಟ್ಟಿಯ ಚಪ್ಪಲಿ ತಾನಾಗಿ ಬೀಳುವುದಿಲ್ಲ. ಅಗಸಿಯಲ್ಲಿ ಅವಳ ಕೈ ಅವಳಿಗೇ ತಿಳಿಯದ ಹಾಗೆ ಬಗ್ಗಿ ಪಟ್ಟಿ ಬಿಚ್ಚಿತ್ತು. ಗಾಡಿಯ ಮೇಲೆ ಕೂತರೂ ಬಿಚ್ಚಿತ್ತು. ಥೂ ನಿನ್ನ, ಎಂದುಕೊಂಡಳು.

"ನೀವು ಕುಂಡ್ರಿ ಅತ್ತಿ, ನಾ ತರತೇನಿ," ಎಂದು ಪ್ರಿಯಾಂಕಾ ಗಾಡಿ ನಿಲ್ಲಿಸುವಷ್ಟರಲ್ಲಿ ಹನಮಂತವ್ವ ಇಳಿದಾಗಿತ್ತು.

ಬೇವಿನ ಮರದ ಕೆಳಗಿನ ಕಟ್ಟೆಯ ಮೇಲೆ ನಾಲ್ಕೈದು ಜನರ ನಡುವೆ ಪುಂಡಲೀಕಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕುಳಿತಿದ್ದ. ಹನಮಂತವ್ವನಿಗಿಂತ ಒಂದೆರಡು ವರ್ಷ ದೊಡ್ಡವನು. ಕೂಗಾಡುವ ಮನುಷ್ಯನಲ್ಲ. ಮೆತ್ತಗೆ ನಕ್ಕ.

"ನೋಡು, ಹುಟ್ಟುಗುಣ ಸುಟ್ಟರೂ ಹೋಗಂಗಿಲ್ಲ. ಸೊಸಿಗೆ ಇಲ್ಲದ ಮರ್ಯಾದಿ ಅತ್ತಿ ಕಾಲಿಗರ ಐತಿ. ಇರಲಿ ಹನಮಂತಿ, ಕೈಯಾಗ ಹಿಡ್ಕೊಂಡು ಮುಂದ ಹೋಗಿ ಹಾಕ್ಕೋ."

ಜೊತೆಗಿದ್ದವರು ನಕ್ಕರು. ಹನಮಂತವ್ವ ಬಗ್ಗಿ ಚಪ್ಪಲಿ ಎತ್ತಿಕೊಂಡಳು. ಅಂಜಿಕೆ ಹೊಟ್ಟೆಯೊಳಗೆ ತಣ್ಣಗೆ ಇಳಿಯಿತು. ಓಹೋ, ಹೀಗೆ ಬರುತ್ತೀಯಾ ನೀನು, ಎಂದು ಅದನ್ನು ಮೊದಲ ಸಲ ನಿಂತು ನೋಡಿದಳು. ಕೆಳಗೆ ಕಣ್ಣು ಹಾಯಿಸಿದಳು. ಬ್ಯಾಂಡೇಜಿನ ತುದಿಯಲ್ಲಿ ಬೆರಳುಗಳು ಕೋಳಿಯ ಕಾಲಿನಂತೆ ಮಣ್ಣನ್ನು ಗಟ್ಟಿಯಾಗಿ ಹಿಡಿದಿದ್ದವು. ಮೂಗಿನಿಂದ ಉಸಿರೆಳೆದು ಹೊಟ್ಟೆ ತುಂಬಿಸಿ ಬಿಟ್ಟಳು.

"ಬಿಚ್ಚರಲೇ," ಎಂದಳು ಬೆರಳುಗಳಿಗೆ.

ಒಂದು ಬಿಚ್ಚಿತು. ಇನ್ನೊಂದು ಬಿಚ್ಚಿತು. ಆದರೆ ಪಟ್ಟಿ ಅಂಟಿಸಬೇಕಾದರೆ ಕೂರಬೇಕು. ನೆಲವೇ ತಿಳಿಯದ ಕಾಲಿನ ಮೇಲೆ ನಿಂತು ಬಗ್ಗಿದರೆ ಮುಗ್ಗರಿಸುವುದು ಖಾತ್ರಿ. ಸುತ್ತ ನೋಡಿದಳು. ಆ ಬೀದಿಯಲ್ಲಿ ಕೂರಲು ಇದ್ದದ್ದು ಒಂದೇ ಜಾಗ.

ನೆಟ್ಟಗೆ ಹೋಗಿ, ಸೆರಗಿನಿಂದ ಕಲ್ಲಿನ ಧೂಳು ಝಾಡಿಸಿ, ಪುಂಡಲೀಕಪ್ಪನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತಳು.

ನಗು ನಿಂತಿತು. ಬದಿಯವನು ಎದ್ದೇಬಿಟ್ಟ. ಹನಮಂತವ್ವ ಬಲಗಾಲನ್ನು ಎಡ ಮೊಣಕಾಲಿನ ಮೇಲೆ ಹಾಕಿಕೊಂಡು ಬ್ಯಾಂಡೇಜಿಗೆ ಅಂಟಿದ್ದ ಮಣ್ಣನ್ನು ನಿಧಾನವಾಗಿ ಒರೆಸತೊಡಗಿದಳು.

"ಏ, ಇಲ್ಲಿ ಕುಂಡ್ರತಿ?" ಪುಂಡಲೀಕಪ್ಪನ ಕೈಯಲ್ಲಿನ ಎಲೆ ಹಾಗೇ ನಿಂತಿತ್ತು.

"ನಿಂತು ಹಾಕ್ಕೊಳ್ಳಾಕ ಆಗಂಗಿಲ್ಲ ಪುಂಡಲೀಕಪ್ಪಾರ." ಹಿಂದೆಂದೂ ಅವಳು ಅವನನ್ನು ಹೆಸರು ಹಿಡಿದು ಕರೆದಿರಲಿಲ್ಲ. 'ಧಣ್ಯಾರ' ಎಂಬ ಮಾತು ಅದೆಲ್ಲಿಗೆ ಹೋಯಿತೋ, ಬಾಯಿಗೇ ಬರಲಿಲ್ಲ.

"ನಿಮ್ಮಪ್ಪ ಹುಲಿಗೆಪ್ಪ ಇದ್ದಿದ್ರ..."

"ಇದ್ದಿದ್ರ ಇವತ್ತ ನನ್ನ ಬಾಜೂಕ ಕುಂಡ್ರತಿದ್ದ. ಅವನ ತಲಿ ಮ್ಯಾಲ ಚಪ್ಪಲಿ ಹೊರಿಸಿದ್ದು ಇಲ್ಲೇ, ನೆನಪೈತಿಲ್ಲೋ? ನೀವು ಆಗ ಇದ ಕಟ್ಟಿ ಮ್ಯಾಲ ಕುಂತು ಶೇಂಗಾ ಬೆಲ್ಲಾ ತಿನ್ನಾಕ ಹತ್ತಿದ್ರಿ. ನಾ ನೋಡೇನಿ. ನೀವೂ ನನ್ನ ನೋಡೀರಿ."

ಪುಂಡಲೀಕಪ್ಪ ಅತ್ತಿತ್ತ ನೋಡಿದ. "ಹಳೇದೆಲ್ಲಾ ಯಾಕ ಕೆದರ್ತಿ? ಈಗ ನಿಮಗ ಯಾರು ಏನಂತಾರ?"

"ಯಾರೂ ಏನೂ ಅನ್ನಂಗಿಲ್ಲ. ಅದಕ್ಕ ಇವತ್ತ ನಾನ ಅನ್ನಾಕ ಹತ್ತೇನಿ."

ಪಟ್ಟಿ ಎಳೆದು ಅಂಟಿಸಿದಳು. ಸರಿಯಾಗಲಿಲ್ಲ ಎಂದು ಚರ್ರನೆ ಕಿತ್ತು ಮತ್ತೆ ಅಂಟಿಸಿದಳು. ಎದ್ದು ನಿಂತು, ಬಾಯಿ ತೆರೆದು ನೋಡುತ್ತಿದ್ದ ಸೊಸೆಗೆ, "ನೀ ಗಾಡಿ ತಗೊಂಡು ಮುಂದ ನಡಿ. ನಾ ಬಸ್‌ ಸ್ಟ್ಯಾಂಡಿನ ತನಾ ನಡಕೊಂಡ ಬರ್ತೇನಿ," ಎಂದಳು.

ಅಂದು ಸಂಜೆ ಕೇರಿಯೆಲ್ಲ ಅದೇ ಸುದ್ದಿ. ದೇವಪ್ಪ ರೊಟ್ಟಿ ಮುರಿದು ಹಾಗೇ ಇಟ್ಟ. "ನಾಳಿಂದ ಹೊಲದ ಕೆಲಸಕ್ಕ ಕರೀಲಿಲ್ಲಂದ್ರ?"

"ಅವರ ಉಳ್ಳಾಗಡ್ಡಿ ಅವರ ಕಿತ್ತಕೊಳ್ಳಲಿ. ಸೊಂಟಾ ಅವರಿಗೂ ಐತಲ್ಲ."

"ಮತ್ತ ಹೊಕ್ಕಿಯೇನು ನಾಳೆ?"

"ದಿನಾ ಮಾಡಬೇಕಂತ ಹೇಳ್ಯಾರ ಬಾಯಾರು."

ಮರುದಿನ ಬೆಳಿಗ್ಗೆ, ಗಂಡ ದಾಡಿ ಮಾಡಿಕೊಳ್ಳುವ ಸಣ್ಣ ಕನ್ನಡಿಯನ್ನು ಸೆರಗಿಗೆ ಕಟ್ಟಿಕೊಂಡು ಹನಮಂತವ್ವ ಹೊರಟಳು. ಹಿಂದೆ ದೇವಪ್ಪನೂ ಬಂದ. ಅವಳಿಗೆ ಏನಾದರೂ ಆದೀತೆಂಬ ಅಂಜಿಕೆಗೆ ಬಂದ. ಅಗಸಿಯಲ್ಲಿ ಅವಳು ನಿಂತು, ಉಸಿರು ಬಿಟ್ಟು, ಬೆರಳು ಬಿಚ್ಚಿ ಮುಂದೆ ನಡೆದಳು. ದೇವಪ್ಪನ ಚಪ್ಪಲಿ ಆಗಲೇ ಅವನ ಬಗಲಿಗೆ ಸೇರಿತ್ತು.

ಕಟ್ಟೆಯ ಮೇಲೆ ಎಂದಿನಂತೆ ಜನ ಇದ್ದರು, ಆದರೆ ಎಲ್ಲರೂ ಒಂದು ಬದಿಗೆ ಒತ್ತಿಕೊಂಡು ಕುಳಿತಿದ್ದರು. ನಿನ್ನೆ ಅವಳು ಕುಳಿತಿದ್ದ ಜಾಗ ಒದ್ದೆಯಾಗಿತ್ತು. ಕೊಡಗಟ್ಟಲೆ ನೀರು ಸುರಿದು ಉಜ್ಜಿ ತೊಳೆದಿದ್ದರು. ಕಲ್ಲಿನ ಅಂಚಿನಿಂದ ನೀರು ಇನ್ನೂ ತೊಟ್ಟಿಕ್ಕುತ್ತಿತ್ತು. ಪುಂಡಲೀಕಪ್ಪ ಅವಳತ್ತ ನೋಡಲಿಲ್ಲ.

ಹನಮಂತವ್ವ ಒಂದು ಗಳಿಗೆ ಆ ನೀರನ್ನೇ ನೋಡುತ್ತ ನಿಂತಳು. ಮುಖ ಉರಿಯಿತು. ಕಣ್ಣೂ ಉರಿಯಿತು. ಆಮೇಲೆ ಸೀರೆ ಎತ್ತಿ ಸರಿಮಾಡಿಕೊಂಡು ಹೋಗಿ ಆ ಒದ್ದೆ ಕಲ್ಲಿನ ಮೇಲೇ ಕುಳಿತಳು.

"ಛಲೋ ಆತು," ಎಂದಳು ಎಲ್ಲರಿಗೂ ಕೇಳುವಂತೆ. "ತಂಪ ಐತಿ."

ಚಪ್ಪಲಿಯ ಪಟ್ಟಿ ಬಿಚ್ಚಿ, ಪಾದವನ್ನು ಮೊಣಕಾಲಿನ ಮೇಲಿಟ್ಟು, ಸೆರಗಿನ ಕನ್ನಡಿಯನ್ನು ಅಂಗಾಲಿಗೆ ಹಿಡಿದಳು. ಹೊಸ ಬೊಬ್ಬೆ ಇರಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಮತ್ತೆ ಚಪ್ಪಲಿ ಹಾಕಿಕೊಂಡು, ತಲೆ ಎತ್ತದೆ, ಪಕ್ಕದ ಒದ್ದೆ ಕಲ್ಲನ್ನು ಅಂಗೈಯಿಂದ ಎರಡು ಸಲ ತಟ್ಟಿದಳು.

ಬೀದಿಯ ನಡುವೆ ನಿಂತಿದ್ದ ದೇವಪ್ಪ ಕಟ್ಟೆಯನ್ನೊಮ್ಮೆ, ಅವಳ ಕಾಲನ್ನೊಮ್ಮೆ ನೋಡಿದ. ಆಮೇಲೆ ಅವನ ಬಗಲಿನಿಂದ ಒಂದರ ಹಿಂದೊಂದು ಎರಡು ಚಪ್ಪಲಿ ನೆಲಕ್ಕೆ ಬಿದ್ದ ಸದ್ದು ಕೇಳಿಸಿತು.