ಜ್ವರ ಬಾರದ ಮನೆ

ನಮ್ಮ ಮನೆಯವರಿಗೆ ಜ್ವರ ಅನ್ನುವುದೇ ಗೊತ್ತಿಲ್ಲ ಎಂದು ಅಮ್ಮ ಪಕ್ಕದ ಹಾಸಿಗೆಯವರ ಮುಂದೆ ಕೊಚ್ಚಿಕೊಳ್ಳುತ್ತಿದ್ದಳು. ಮರಗೆಲಸ ಮಾಡುವ ಮಗ ಉಳಿ ಜಾರಿ ಅಂಗೈ ಸೀಳಿಕೊಂಡು ವಾರ್ಡು ಸೇರಿದ್ದ. ಹೊಲಿಗೆ ಹಾಕಿದ ಕೈ ಊದಿಕೊಂಡಿತ್ತು. ಆದರೂ ಆಸಾಮಿ ಬಿಸ್ಕತ್ತು ಮೆಲ್ಲುತ್ತ, ನರ್ಸನ್ನು ನಗಿಸುತ್ತ ಕೂತಿದ್ದ. ಜ್ವರವಿಲ್ಲ, ಸಂಜೆ ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿ ಹೋಗಿದ್ದರು.

ಅಮ್ಮನ ಮಾತು ಕೇಳಿದ್ದೇ ತಡ, ಹಾಸಿಗೆಯ ಕಾಲ್ದೆಸೆಯಲ್ಲಿ ಕೂತಿದ್ದ ಅವನ ಅಕ್ಕ ತಟ್ಟನೆ ತಲೆಯೆತ್ತಿದಳು.

ಅವಳ ಕೆಲಸ ಲ್ಯಾಬಿನಲ್ಲಿ, ಇಲಿಗಳ ಜೊತೆ. ರಕ್ತಕ್ಕೆ ಬ್ಯಾಕ್ಟೀರಿಯಾ ನುಗ್ಗಿದರೆ ಮೈಯೊಳಗಿನ ಒಂದು ಪ್ರೋಟೀನು ಮೊದಲು ಬೊಬ್ಬೆ ಹಾಕುತ್ತದೆ. ಅದನ್ನು ಕೇಳಿ ಬಿಳಿ ರಕ್ತಕಣಗಳು ಕಾದಾಟಕ್ಕಿಳಿಯುತ್ತವೆ, ಜ್ವರ ಏರುತ್ತದೆ. ಆ ಪ್ರೋಟೀನೇ ಇಲ್ಲದ ಇಲಿಗಳನ್ನೂ ಅವಳು ಸಾಕುತ್ತಿದ್ದಳು. ಲ್ಯಾಬಿನವರು ಅವಕ್ಕೆ ‘ಸಾಧುಗಳು’ ಎಂದು ಹೆಸರಿಟ್ಟಿದ್ದರು. ರಕ್ತದ ತುಂಬ ಬ್ಯಾಕ್ಟೀರಿಯಾ ಇದ್ದರೂ ಸಾಧುಗಳಿಗೆ ಜ್ವರವಿಲ್ಲ, ನಡುಕವಿಲ್ಲ. ತಿನ್ನುತ್ತ, ಮೀಸೆ ತೀಡಿಕೊಳ್ಳುತ್ತ ಇರುತ್ತವೆ. ಆಮೇಲೆ ಪಾದ ತಣ್ಣಗಾಗುತ್ತದೆ, ಚರ್ಮದಡಿ ನೀಲಿ ಬಲೆ ಮೂಡುತ್ತದೆ. ಅಲ್ಲಿಗೆ ಮುಗಿಯಿತು.

ಆ ಪ್ರೋಟೀನು ಇದೆಯೇ ಎಂದು ಪರೀಕ್ಷೆ ಮಾಡುವಾಗ ಹೋಲಿಕೆಗೆಂದು ಆರೋಗ್ಯವಂತರೊಬ್ಬರ ರಕ್ತ ಬೇಕು. ಲ್ಯಾಬಿನವರೇ ತೋಳು ಚಾಚುವುದು ರೂಢಿ. ಹೋದ ತಿಂಗಳು ಅಕ್ಕ ತನ್ನ ರಕ್ತವನ್ನೇ ಹಾಕಿದ್ದಳು. ಪರೀಕ್ಷೆಯ ಪಟ್ಟಿಯಲ್ಲಿ ಪ್ರೋಟೀನಿನ ಕಪ್ಪು ಗೆರೆ ಮೂಡಬೇಕಾದಲ್ಲಿ ಏನೂ ಇರಲಿಲ್ಲ. ಕೈಗೆ ಬುದ್ಧಿಯಿಲ್ಲ ಎಂದು ತನ್ನನ್ನೇ ಬೈದುಕೊಂಡು, ಅದನ್ನು ಕಸಕ್ಕೆಸೆದು, ಪಕ್ಕದ ಮೇಜಿನವನ ರಕ್ತ ಹಾಕಿದಳು. ಗೆರೆ ಮೂಡಿತು. ಸದ್ಯ, ತಪ್ಪು ಸರಿಹೋಯಿತು ಎಂದು ನೆಮ್ಮದಿಯಾಗಿ ಊಟಕ್ಕೆ ಹೋಗಿದ್ದಳು. ಹಾಳು ನೆಮ್ಮದಿ.

ಈಗ ಹೊದಿಕೆಯೊಳಗೆ ಕೈ ಹಾಕಿ ತಮ್ಮನ ಪಾದ ಹಿಡಿದಳು. ತಣ್ಣಗಿತ್ತು. ಹೊದಿಕೆ ಸರಿಸಿದರೆ ಮೊಣಕಾಲಿನ ಸುತ್ತ ತೆಳ್ಳಗೆ ನೀಲಿ ಬಲೆ. ಎದ್ದೆನೋ ಬಿದ್ದೆನೋ ಎಂದು ಡಾಕ್ಟರ ಕೋಣೆಗೆ ಓಡಿದಳು.

“ಜ್ವರಾನೇ ಇಲ್ವಲ್ಲಮ್ಮ, ಯಾಕಿಷ್ಟು ಗಾಬರಿ?” ಎಂದರು ಅವರು.

“ಜ್ವರ ಇಲ್ಲ ಅಂತಾನೇ ಗಾಬರಿ, ಡಾಕ್ಟ್ರೇ. ಜ್ವರ ಬರಿಸೋ ಪ್ರೋಟೀನು ನನ್ನ ರಕ್ತದಲ್ಲಿಲ್ಲ. ಅವನಿಗೂ ಇರಲಿಕ್ಕಿಲ್ಲ.”

ಡಾಕ್ಟರು ಬಂದು ಮೊಣಕಾಲು ನೋಡಿದರು. ಮುಖದ ನಗು ಮಾಯವಾಯಿತು. ರಕ್ತ ತೆಗೆಸಿದರು, ಆ್ಯಂಟಿಬಯೋಟಿಕ್ ಡ್ರಿಪ್ ಹಾಕಿಸಿದರು. ನಿನ್ನೆಯೇ ಶುರು ಮಾಡಬೇಕಿತ್ತು ಎಂದು ಅಕ್ಕನಿಗಷ್ಟೇ ಕೇಳುವಂತೆ ಹೇಳಿದರು.

ತಮ್ಮನಿಗೆ ಇದೆಲ್ಲ ತಮಾಷೆ. ಇನ್ನೊಂದು ಬಿಸ್ಕತ್ತು ಕೇಳಿ ಇಸಿದುಕೊಂಡ. ಬಾಯಿಯ ತನಕ ಹೋದ ಕೈ ಅಲ್ಲೇ ನಿಂತಿತು. ಯಾಕೋ ನಿದ್ದೆ ಬರುತ್ತಿದೆ ಎನ್ನುತ್ತ ದಿಂಬಿಗೆ ಒರಗಿದ.

ಅಮ್ಮ ಬಗ್ಗಿ ಅವನ ಹಣೆ ಮುಟ್ಟಿದಳು. ಅವಳ ಮುಖ ಅರಳಿತು.

“ಸುಮ್ನೆ ಎಲ್ಲರನ್ನೂ ಹೆದರಿಸ್ತೀಯ ನೀನು. ಮುಟ್ಟಿ ನೋಡೇ, ಎಷ್ಟು ತಣ್ಣಗಿದಾನೆ.”

ಬಿಸಿಯಾಗಲಿ, ಒಂದಿಷ್ಟಾದರೂ ಬಿಸಿಯಾಗಲಿ ಎಂದು ಅಕ್ಕ ಅವನ ಪಾದಗಳನ್ನು ಉಜ್ಜುತ್ತಲೇ ಇದ್ದಳು.